ಬೆಲ್ಟ್ ಮೀಟಿ ನೋಡಿ, ಬಿಗಿ ಎಷ್ಟಿದೆ ಅಂತ ಅದೇ ಹೇಳುತ್ತದೆ

ಹುಬ್ಬಳ್ಳಿಯ ಯಾವುದೇ ಹಿಟ್ಟಿನ ಗಿರಣಿಗೆ ಹೋಗಿ, ಬ್ಯಾಡಗಿಯ ಖಾರ ಕುಟ್ಟುವ ಮಷಿನ್ ಹತ್ತಿರ ಹೋಗಿ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ರೂಮಿಗೆ ಹೋಗಿ, ಇಲ್ಲಾ ಹೊಲದಲ್ಲಿ ಗೋವಿನಜೋಳದ ರಾಶಿ ಮಷಿನ್ ನಿಂತಿರುವಲ್ಲಿಗೇ ಹೋಗಿ. ಬೆಲ್ಟ್ ಬಿಗಿ ನೋಡುವ ವಿಧಾನ ಎಲ್ಲ ಕಡೆ ಒಂದೇ. ಮೇಸ್ತ್ರಿ ಹೆಬ್ಬೆರಳಿನಿಂದ ಬೆಲ್ಟ್ ಒತ್ತಿ, "ಲೂಸ್ ಐತ್ರಿ, ಮೋಟರ್ ಸ್ವಲ್ಪ ಹಿಂದಕ್ಕ ಸರಸೋಣ" ಅನ್ನುತ್ತಾರೆ. ಮೋಟರ್ ಸರಿಯುತ್ತದೆ, ಕಿರುಚಾಟ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ.

ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರ ಹೆಬ್ಬೆರಳಿನ ಬಗ್ಗೆ ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಆ ಹೆಬ್ಬೆರಳು ಅವರ ಜೊತೆಗೇ ಮನೆಗೆ ಹೋಗುತ್ತದೆ. ಮರುದಿನ ಬರುವ ಹುಡುಗನಿಗೆ "ನಿನ್ನೆ ಎಷ್ಟು ಬಿಗಿ ಇತ್ತು" ಅಂತ ಹೇಳಲು ಒಂದು ಅಂಕಿ ಬೇಕು. ಆ ಅಂಕಿಯನ್ನು ಬೆಲ್ಟಿನ ಕಂಪನದಿಂದ ತೆಗೆಯಬಹುದು, ಅದೂ ಕೈಯಲ್ಲಿರುವ ಫೋನಿನಿಂದಲೇ. ಈಗ ಸಾಕಷ್ಟು ಜನ ತೆಗೆಯುತ್ತಲೂ ಇದ್ದಾರೆ. ಆಮೇಲೆ ಕೇಳುವ ಪ್ರಶ್ನೆಯಲ್ಲಿ ಎಡವುತ್ತಾರೆ: "ನಮ್ಮ ಬೆಲ್ಟ್ 40 ಹರ್ಟ್ಜ್ ಬಂತು, ಸರಿ ಐತಾ?"

ಇದಕ್ಕೆ ಉತ್ತರವೇ ಇಲ್ಲ. 40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಕಂಪನ, ಒಂದು ಮಷಿನ್‌ಗೆ ಸಡಿಲ, ಇನ್ನೊಂದಕ್ಕೆ ಬೇರಿಂಗ್ ಮುರಿಯುವಷ್ಟು ಬಿಗಿ. ಯಾಕೆ ಅಂತ ನೋಡೋಣ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ, ಯಾಕಂದ್ರೆ ಧಾರವಾಡ, ಗದಗ, ಕುಂದಗೋಳ ಅಂದರೆ ತಂಬೂರಿ ನೋಡದವರು ಕಡಿಮೆ. ತಂಬೂರಿಯ ಬಿರಡೆ ತಿರುವಿದರೆ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಖರ್ಜದ ತಂತಿ ದಪ್ಪ, ತೂಕ ಜಾಸ್ತಿ, ಹಾಗಾಗಿ ಅದರ ದನಿ ತಗ್ಗು. ತಂತಿಯ ಉದ್ದ ಕಡಿಮೆ ಮಾಡಿದರೆ ಮತ್ತೆ ದನಿ ಮೇಲಕ್ಕೆ. ಬಿಗಿ, ತೂಕ, ಉದ್ದ, ಈ ಮೂರೇ. ಎರಡು ಪುಲಿಗಳ ನಡುವೆ ಗಾಳಿಯಲ್ಲಿರುವ ಬೆಲ್ಟ್ ಕೂಡ ಎರಡು ಕಡೆ ಹಿಡಿದು ಎಳೆದ ಒಂದು ದಪ್ಪ ತಂತಿಯೇ. ಈ ಮೂರರ ಲೆಕ್ಕವನ್ನು ಮರಾಂ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ 1636ರಲ್ಲೇ ಅಚ್ಚು ಹಾಕಿಸಿದ್ದ. ಅವನು ಯೋಚಿಸುತ್ತಿದ್ದದ್ದು ವಾದ್ಯಗಳ ಬಗ್ಗೆ. ಇವತ್ತಿನ ಬೆಲ್ಟ್ ಮೀಟರ್‌ನೊಳಗೆ ಇರುವುದೂ ಅದೇ ಲೆಕ್ಕ.

ಲೆಕ್ಕ ಹೀಗಿದೆ:

ಬಿಗಿ = 4 × ತೂಕ × ಉದ್ದ × ಉದ್ದ × ಕಂಪನ × ಕಂಪನ

ಬಿಗಿ ನ್ಯೂಟನ್‌ನಲ್ಲಿ ಬರುತ್ತದೆ, 10 ನ್ಯೂಟನ್ ಅಂದರೆ ಸುಮಾರು ಒಂದು ಕಿಲೋ ಎಳೆತ ಅಂದುಕೊಳ್ಳಿ. ತೂಕ ಅಂದರೆ ಒಂದು ಮೀಟರ್ ಬೆಲ್ಟ್ ಎಷ್ಟು ಕಿಲೋ ಅನ್ನುವುದು. ಉದ್ದ ಅಂದರೆ ಬೆಲ್ಟಿನ ಪೂರ್ತಿ ಉದ್ದ ಅಲ್ಲ, ಒಂದು ಪುಲಿಯನ್ನು ಬಿಟ್ಟ ಜಾಗದಿಂದ ಇನ್ನೊಂದು ಪುಲಿಯನ್ನು ಮುಟ್ಟುವ ಜಾಗದವರೆಗೆ ಮಾತ್ರ, ಮೀಟರ್‌ನಲ್ಲಿ. ಕಂಪನ ಅಂದರೆ ಒಂದು ಸೆಕೆಂಡಿಗೆ ಎಷ್ಟು ಸಲ ಅಲ್ಲಾಡುತ್ತದೆ, ಅಂದರೆ ಹರ್ಟ್ಜ್.

ಉದ್ದ ಎರಡು ಸಲ ಗುಣಿಸಿದೆ, ಕಂಪನವೂ ಎರಡು ಸಲ ಗುಣಿಸಿದೆ, ನೋಡಿ. ಇಲ್ಲೇ ಎಲ್ಲ ಆಟ ಇರೋದು. ಕಂಪನ ಅಳೆಯುವಾಗ 10 ಶೇಕಡಾ ತಪ್ಪಾದರೆ ಬಿಗಿಯಲ್ಲಿ 21 ಶೇಕಡಾ ತಪ್ಪು. ಬಿಗಿ ಅರ್ಧಕ್ಕೆ ಇಳಿದರೂ ಕಂಪನ ಇಳಿಯೋದು ಬರೀ 30 ಶೇಕಡಾ. ಅಂದರೆ ಫೋನಿನಲ್ಲಿ "ಸ್ವಲ್ಪ ಕಡಿಮೆ ಆಗೈತಿ ಅಷ್ಟೇ" ಅಂತ ಕಾಣುವುದು ನಿಜದಲ್ಲಿ ಸಾಕಷ್ಟು ಸಡಿಲ ಆಗಿರುತ್ತದೆ.

ಒಂದು ಮಷಿನ್ ಹಿಡಿದು ಪೂರ್ತಿ ಲೆಕ್ಕ ಮಾಡೋಣ. 10 ಎಚ್‌ಪಿ ಮೋಟರ್, ನಿಮಿಷಕ್ಕೆ 1440 ಸುತ್ತು. ಮೋಟರ್ ಪುಲಿ 150 ಮಿಲಿಮೀಟರ್, ಅಂದರೆ ಸುಮಾರು ಆರು ಇಂಚು. ಮಷಿನ್ ಪುಲಿ 300. ಎರಡು ಶಾಫ್ಟುಗಳ ನಡುವೆ 600. ಮೂರು ಬಿ ಸೆಕ್ಷನ್ ವಿ ಬೆಲ್ಟ್ (ವಿ ಅಂದರೆ ಬೆಲ್ಟಿನ ಆಕಾರ, ಬಿ ಅಂದರೆ ಅದರ ಅಡ್ಡಳತೆಯ ಗುರುತು).

ಮೊದಲು ಎಷ್ಟು ಬಿಗಿ ಬೇಕು ಅಂತ ನೋಡಬೇಕು. ಈ ಪುಲಿಯ ಮೇಲೆ ಬೆಲ್ಟ್ ಸೆಕೆಂಡಿಗೆ 11.3 ಮೀಟರ್ ಓಡುತ್ತದೆ. 10 ಎಚ್‌ಪಿ ಅಂದರೆ ಸುಮಾರು 7460 ವ್ಯಾಟ್. ಅದನ್ನು 11.3ರಿಂದ ಭಾಗಿಸಿದರೆ 660 ನ್ಯೂಟನ್. ಲೋಡ್ ಬಿದ್ದಾಗ ಬೆಲ್ಟಿನ ಬಿಗಿ ಬದಿಗೂ ಸಡಿಲ ಬದಿಗೂ ಇಷ್ಟು ವ್ಯತ್ಯಾಸ ಇರಲೇಬೇಕು, ಇಲ್ಲದಿದ್ದರೆ ಶಕ್ತಿ ದಾಟುವುದಿಲ್ಲ. ವಿ ಬೆಲ್ಟ್ ಜಾರದೆ ಇರಬೇಕಾದರೆ ಬಿಗಿ ಬದಿ ಸಡಿಲ ಬದಿಯ ಐದು ಪಟ್ಟು ಇರಬಹುದು ಅಂತ ಹಿಡಿಯುವುದು ರೂಢಿ. ಹಾಗಾದರೆ ಬಿಗಿ ಬದಿ 825, ಸಡಿಲ ಬದಿ 165. ಮಷಿನ್ ನಿಂತಾಗ ಎರಡೂ ಬದಿ ಸಮ ಆಗುತ್ತವೆ, ಅಂದರೆ 495. ಮೂರು ಬೆಲ್ಟಿಗೆ ಹಂಚಿದರೆ ತಲಾ 165. ಓಡುವಾಗ ಬೆಲ್ಟ್ ಪುಲಿಯಿಂದ ಹೊರಕ್ಕೆ ಎಗರಲು ನೋಡುತ್ತದಲ್ವಾ, ಅದಕ್ಕೆ ಇನ್ನೊಂದು 24 ಸೇರಿಸಿ. ಒಟ್ಟು ಸುಮಾರು 190 ನ್ಯೂಟನ್, ಅಂದರೆ ಪ್ರತಿ ಬೆಲ್ಟಿಗೆ 19 ಕಿಲೋ ಎಳೆತ. ಸಣ್ಣ ಪುಲಿಯ ಮೇಲೆ ಬೆಲ್ಟಿನ ಸುತ್ತು ಕಡಿಮೆ ಇದ್ದರೆ ಸ್ವಲ್ಪ ಜಾಸ್ತಿ ಬೇಕು, ಖಾರ ಕುಟ್ಟುವ ಮಷಿನ್ ಥರ ಜರ್ಕ್ ಹೊಡೆಯುವ ಲೋಡಿಗೂ ಜಾಸ್ತಿ ಬೇಕು. ಅದನ್ನು ಇಲ್ಲಿ ಬಿಟ್ಟಿದ್ದೇನೆ, ಲೆಕ್ಕದ ದಾರಿ ಕಾಣಲಿ ಅಂತ.

ಈಗ ಹರ್ಟ್ಜ್. ಬಿ ಬೆಲ್ಟ್ ಮೀಟರಿಗೆ ಸುಮಾರು 0.19 ಕಿಲೋ. ನಡುವಿನ ಉದ್ದ 0.595 ಮೀಟರ್. ಲೆಕ್ಕ ತಿರುಗಿಸಿ ಹಾಕಿದರೆ 26.6 ಹರ್ಟ್ಜ್ ಬರುತ್ತದೆ. ಹೊಸ ಬೆಲ್ಟ್ ಆದರೆ ಮೊದಮೊದಲು ಹಿಗ್ಗಿ ಪುಲಿಯಲ್ಲಿ ಕೂರುವುದರಿಂದ ಬಿಗಿಯನ್ನು 1.3 ಪಟ್ಟು ಇಡುತ್ತಾರೆ, ಆಗ 30 ಹರ್ಟ್ಜ್. ಈ ಮಷಿನ್‌ಗೆ ಇದೇ ಅಂಕಿ. ಪಕ್ಕದ ಮಷಿನ್‌ಗೆ ಬೇರೆ.

ಇದೇ ಮಷಿನ್‌ನಲ್ಲಿ 40 ಹರ್ಟ್ಜ್ ಬಂತು ಅಂದುಕೊಳ್ಳಿ. ಒಂದು ಬೆಲ್ಟಿನ ಬಿಗಿ 430 ನ್ಯೂಟನ್, ಬೇಕಾದ್ದಕ್ಕಿಂತ ಎರಡೂಕಾಲು ಪಟ್ಟು. ಮೂರು ಬೆಲ್ಟ್, ಎರಡೆರಡು ಬದಿ, ಒಟ್ಟು ಮೋಟರ್ ಶಾಫ್ಟಿನ ಮೇಲೆ 116 ಕಿಲೋ ಬೀಳಬೇಕಾದಲ್ಲಿ 260 ಕಿಲೋ ಬೀಳುತ್ತಿದೆ. ಬಾಲ್ ಬೇರಿಂಗ್‌ಗಳ ಆಯಸ್ಸು ಲೋಡಿನ ಮೂರನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಲೋಡ್ ಎರಡು ಪಟ್ಟಾದರೆ ಆಯಸ್ಸು ಎಂಟರಲ್ಲೊಂದು ಪಾಲು. ಎರಡೂಕಾಲು ಪಟ್ಟಾದರೆ ಹತ್ತರಲ್ಲೊಂದಕ್ಕಿಂತಲೂ ಕಡಿಮೆ. "ಬೇರಿಂಗ್ ಡುಪ್ಲಿಕೇಟ್ ಕೊಟ್ಟಾನ್ರಿ" ಅಂತ ಅಂಗಡಿಯವನಿಗೆ ಬೈಯುವ ಮುಂಚೆ ಬೆಲ್ಟ್ ಮೀಟಿ ನೋಡುವುದು ಒಳ್ಳೇದು. ಕಿರುಚುವ ಬೆಲ್ಟ್ ಎಲ್ಲರಿಗೂ ಕೇಳಿಸುತ್ತದೆ. ಅತಿ ಬಿಗಿಯಾದ ಬೆಲ್ಟ್ ಬಾಯಿ ಬಿಡುವುದೇ ಇಲ್ಲ, ಹಾಗಾಗಿ ನಮ್ಮಲ್ಲಿ ಬಿಗಿ ಜಾಸ್ತಿಯಾದ ಮಷಿನ್‌ಗಳೇ ಹೆಚ್ಚು ಅನ್ನುವುದು ನನ್ನ ಅನುಮಾನ.

ಅದೇ 40 ಹರ್ಟ್ಜ್ ಅನ್ನು ನಡುವಿನ ಉದ್ದ ಬರೀ 30 ಸೆಂಟಿಮೀಟರ್ ಇರುವ ಮಷಿನ್‌ಗೆ ಹಾಕಿ: 109 ನ್ಯೂಟನ್, ಬಿ ಬೆಲ್ಟಿಗೆ ಸಡಿಲವೇ. 1.2 ಮೀಟರ್ ಇರುವ ಮಷಿನ್‌ಗೆ ಹಾಕಿ: 1750 ನ್ಯೂಟನ್, ಒಂದೊಂದು ಬೆಲ್ಟಿಗೆ 178 ಕಿಲೋ! ಒಂದೇ ಅಂಕಿ, ಮೂರು ಕಥೆ. ಉದ್ದವೂ ತೂಕವೂ ಹೇಳದೆ ಹರ್ಟ್ಜ್ ಹೇಳಿದರೆ ಏನೂ ಹೇಳಿದ ಹಾಗಲ್ಲ.

ಉದ್ದ ಅಳೆಯುವುದು ಸುಲಭ. ಗಾರ್ಡ್ ಬಿಚ್ಚಿ ಟೇಪ್ ಹಿಡಿದರೆ ಆಯಿತು. ಟೇಪ್ ಹಿಡಿಯಲು ಜಾಗ ಇಲ್ಲದಿದ್ದರೆ ಶಾಫ್ಟ್‌ನಿಂದ ಶಾಫ್ಟ್‌ಗೆ ಅಳೆದು ಲೆಕ್ಕ ಹಾಕಬಹುದು. ಎರಡು ಪುಲಿಗಳ ವ್ಯಾಸದ ವ್ಯತ್ಯಾಸದಲ್ಲಿ ಅರ್ಧ ತೆಗೆದುಕೊಂಡು ಅದರ ವರ್ಗವನ್ನು ಶಾಫ್ಟ್ ಅಂತರದ ವರ್ಗದಿಂದ ಕಳೆಯಿರಿ, ಉಳಿದದ್ದರ ವರ್ಗಮೂಲವೇ ಉದ್ದ. ಪುಲಿಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಶಾಫ್ಟ್ ಅಂತರವನ್ನೇ ಹಾಕಿದರೂ ನಡೆಯುತ್ತದೆ. ಮೇಲಿನ ಮಷಿನ್‌ನಲ್ಲಿ 600ಕ್ಕೂ 595ಕ್ಕೂ ಎಷ್ಟು ವ್ಯತ್ಯಾಸ?

ತೂಕಕ್ಕೆ ಕಂಪನಿಯ ಕ್ಯಾಟಲಾಗ್ ನೋಡಿ. ಕ್ಯಾಟಲಾಗ್ ಸಿಗದಿದ್ದರೆ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಈ ಮಷಿನ್‌ಗೆ ಬೀಳುವುದು ಬಿ 74 ಬೆಲ್ಟ್. 74 ಅನ್ನುವುದು ಒಳಸುತ್ತಿನ ಇಂಚು, 1880 ಮಿಲಿಮೀಟರ್. ಬೆಲ್ಟಿನ ದಪ್ಪದ ನಡುವೆ ಹಿಡಿದರೆ ಸುಮಾರು 1.92 ಮೀಟರ್. ಅಂಥ ಬೆಲ್ಟ್ 365 ಗ್ರಾಂ ತೂಗಿದರೆ ಮೀಟರಿಗೆ 190 ಗ್ರಾಂ. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಬದಲಾಗುತ್ತದೆ, ಆದರೆ ತೂಕ ಲೆಕ್ಕದಲ್ಲಿ ಒಂದೇ ಸಲ ಗುಣಿಸುವುದರಿಂದ ಅಲ್ಲಿ 5 ಶೇಕಡಾ ತಪ್ಪಾದರೆ ಬಿಗಿಯಲ್ಲೂ 5 ಶೇಕಡಾ ಅಷ್ಟೇ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕಂಪನ ಹಿಡಿಯುವುದೇ ಕಷ್ಟದ ಕೆಲಸ. ಮೊದಲ ತೊಂದರೆ ಏನಂದ್ರೆ ಗಿರಣಿಯ ವಿ ಬೆಲ್ಟುಗಳ ದನಿ ತುಂಬಾ ತಗ್ಗು. ಹಾರ್ಮೋನಿಯಂನ ಕರಿ ಒಂದರ ಶ್ರುತಿಯ ತಂಬೂರಿಯಲ್ಲಿ ಖರ್ಜದ ತಂತಿ ಸುಮಾರು 69 ಹರ್ಟ್ಜ್. ನಮ್ಮ ಬೆಲ್ಟ್ 26. ಮನುಷ್ಯನ ಕಿವಿಗೆ ಕೇಳುವ ಕೆಳಗಿನ ಗಡಿಯೇ ಸುಮಾರು 20. ಫೋನಿನ ಮೈಕ್ ಮಾಡಿರುವುದು ಮಾತು ಕೇಳಲು, ಎಷ್ಟೋ ಫೋನುಗಳು ಗಾಳಿಯ ಸದ್ದು ಬೇಡ ಅಂತ ಇಂಥ ತಗ್ಗು ದನಿಯನ್ನು ತಾವೇ ಕತ್ತರಿಸುತ್ತವೆ. ಹಾಗಾಗಿ ನೀವು ಮೀಟಿದ್ದು ಒಂದು, ಆ್ಯಪ್ ತೋರಿಸಿದ್ದು ಇನ್ನೊಂದು ಆಗಬಹುದು.

ಎರಡನೆಯದು, ಕರೆಂಟು. ನಮ್ಮ ಲೈನಿನ ಕರೆಂಟ್ 50 ಹರ್ಟ್ಜ್. ಸುತ್ತಲಿನ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಚೋಕ್, ಪಕ್ಕದ ಮೋಟರ್, ಎಲ್ಲವೂ 100 ಹರ್ಟ್ಜ್‌ನಲ್ಲಿ ಗುಂಯ್‌ಗುಟ್ಟುತ್ತವೆ. ಆ್ಯಪ್‌ನಲ್ಲಿ ಸರಿಯಾಗಿ 50 ಅಥವಾ 100 ಬಂದರೆ ಅದು ಬೆಲ್ಟಿನ ದನಿ ಅಲ್ಲ ಅಂತಲೇ ಮೊದಲು ಅಂದುಕೊಳ್ಳಿ. ಬೆಲ್ಟ್ ಮೀಟದೆ ಸುಮ್ನೆ ಫೋನ್ ಹಿಡಿದು ನೋಡಿ, ಆಗಲೂ ಅದೇ ಬಂದರೆ ಗೊತ್ತಾಯಿತಲ್ಲ.

ಮೂರನೆಯದು ಆ್ಯಪ್ ಒಳಗಿನ ಲೆಕ್ಕ. ದನಿಯನ್ನು ಕಂಪನಗಳಾಗಿ ಬಿಡಿಸಲು ಅದಕ್ಕೆ ಸಮಯ ಬೇಕು. ಒಂದು ಸೆಕೆಂಡ್ ಕೇಳಿದರೆ 1 ಹರ್ಟ್ಜ್‌ನಷ್ಟು ಸೂಕ್ಷ್ಮವಾಗಿ ಹೇಳಬಲ್ಲದು. ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ಮಾತ್ರ ಕೇಳಿದರೆ 20, 40, 60 ಅಂತ ಹಾರಿ ಹಾರಿ ಹೇಳುತ್ತದೆ. ದಪ್ಪ ವಿ ಬೆಲ್ಟ್ ಮೀಟಿದರೆ ನಾಲ್ಕಾರು ಸಲ ಅಲ್ಲಾಡಿ ಸುಮ್ಮನಾಗುತ್ತದೆ, ತಂತಿಯ ಹಾಗೆ ಗುನುಗುತ್ತಾ ಕೂರುವುದಿಲ್ಲ. ಫೈಫಾಕ್ಸ್ ಥರದ ಉಚಿತ ಆ್ಯಪ್‌ಗಳಲ್ಲಿ ಎಷ್ಟು ಸ್ಯಾಂಪಲ್ ತೆಗೆದುಕೊಳ್ಳಬೇಕು ಅಂತ ಬದಲಾಯಿಸಲು ಬರುತ್ತದೆ, ಅದನ್ನು ದೊಡ್ಡದಾಗಿಡಿ, ಮೀಟುತ್ತಾ ಇರಿ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ನನಗೆ ಹೆಚ್ಚು ಇಷ್ಟವಾದ ದಾರಿ ಸ್ಲೋ ಮೋಷನ್ ವಿಡಿಯೋ. ಈಗಿನ ಸಾಕಷ್ಟು ಫೋನುಗಳು ಸೆಕೆಂಡಿಗೆ 240 ಚಿತ್ರ ತೆಗೆಯುತ್ತವೆ. ಬೆಲ್ಟಿನ ಬದಿಯಿಂದ ಕ್ಯಾಮೆರಾ ಇಟ್ಟು, ಅಂಚಿಗೆ ಒಂದು ಸೀಮೆಸುಣ್ಣದ ಗೀಟು ಎಳೆದು, ಮೀಟಿ. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತಾ, ಐದು ಸಲ ಮೇಲೆ ಕೆಳಗೆ ಆಗಲು ಎಷ್ಟು ಚಿತ್ರ ಬೇಕಾಯಿತು ಎಣಿಸಿ. 45 ಚಿತ್ರ ಆದರೆ 240 × 5 ÷ 45, ಅಂದರೆ 26.7 ಹರ್ಟ್ಜ್. ಎಣಿಕೆಯಲ್ಲಿ ಒಂದು ಚಿತ್ರ ಹೆಚ್ಚುಕಡಿಮೆ ಆದರೂ ತಪ್ಪು 2 ಶೇಕಡಾ ಅಷ್ಟೇ. ಸದ್ದುಗದ್ದಲದ ಕಾಟ ಇಲ್ಲ, ಕರೆಂಟಿನ ಗುಂಯ್ ಇಲ್ಲ. ಕೆಲವು ಫೋನುಗಳು ನಡುವೆ ಸುಳ್ಳು ಚಿತ್ರ ಸೇರಿಸಿ 240 ಅಂತ ತೋರಿಸುತ್ತವೆ, ಇನ್ನೊಂದು ಫೋನಿನ ಸ್ಟಾಪ್‌ವಾಚ್ ಅನ್ನು ಒಮ್ಮೆ ಶೂಟ್ ಮಾಡಿ ಪರೀಕ್ಷಿಸಿಕೊಳ್ಳಿ. ದುಡ್ಡು ಹಾಕುವವರಿಗೆ ಬೆಳಕಿನಿಂದ ಕಂಪನ ಹಿಡಿಯುವ ಮೀಟರ್‌ಗಳೂ ಸಿಗುತ್ತವೆ, ಗದ್ದಲದ ಕಾರ್ಖಾನೆಗೆ ಅವೇ ಸರಿ.

ಮೀಟುವುದು ಬೆಲ್ಟಿನ ನಟ್ಟನಡುವೆ, ಬೆರಳಿನಿಂದ ಅಥವಾ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಕೆಯಿಂದ. ಮೈಕ್ ಬಳಸುವುದಾದರೆ ಅದೂ ನಡುವೆಯೇ ಇರಲಿ, ಬೆಲ್ಟಿಗೆ ಒಂದು ಸೆಂಟಿಮೀಟರ್ ದೂರದಲ್ಲಿ. ಇದಕ್ಕೆ ಕಾರಣ ಇದೆ. ಬೆಲ್ಟ್ ತನ್ನ ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟಿನಲ್ಲೂ ಅಲ್ಲಾಡಬಲ್ಲದು. ಆ ಎರಡು ಪಟ್ಟನ್ನು ನಿಜ ಅಂತ ಹಿಡಿದರೆ ಬಿಗಿ ನಾಲ್ಕು ಪಟ್ಟು ತೋರುತ್ತದೆ. ಆದರೆ ಆ ಕಂಪನದಲ್ಲಿ ಬೆಲ್ಟಿನ ನಡುಭಾಗ ಅಲ್ಲಾಡುವುದೇ ಇಲ್ಲ, ಹಾಗಾಗಿ ನಡುವೆ ಮೀಟಿದರೆ ಅದು ಏಳುವುದಿಲ್ಲ. ಇನ್ನು ಜೋರಾಗಿ ಮೀಟಿದರೆ ಅಂಕಿ ಜಾಸ್ತಿ ಬರುತ್ತದಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಸದ್ದು ಜೋರಾಗುತ್ತದೆ, ಶ್ರುತಿ ಅಲ್ಲೇ ಇರುತ್ತದೆ.

ಗಾರ್ಡ್ ಬಿಚ್ಚುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಸ್ಟಾರ್ಟರ್‌ನ ಕೆಂಪು ಬಟನ್ ಒತ್ತಿದರೆ ಸಾಕು ಅನ್ನುವುದು ಬೆರಳು ಕಳೆದುಕೊಳ್ಳುವ ದಾರಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ.

ಆಮೇಲೆ ಪುಲಿಯನ್ನು ಕೈಯಿಂದ ನಾಲ್ಕೈದು ಸುತ್ತು ತಿರುಗಿಸಿ. ಮೋಟರ್ ಹಿಂದಕ್ಕೆ ಸರಿಸಿದ ಕೂಡಲೇ ಬೆಲ್ಟಿನ ಮೇಲಿನ ಬದಿ ಒಂದು ಬಿಗಿ, ಕೆಳಗಿನ ಬದಿ ಇನ್ನೊಂದು ಬಿಗಿ ಇರುತ್ತದೆ, ತಿರುಗಿಸಿದರೆ ಸಮ ಆಗುತ್ತದೆ. ಇದನ್ನು ಬಿಟ್ಟರೆ ನಿಮ್ಮ ಅಳತೆಗೆ ಅರ್ಥ ಇಲ್ಲ. ಪುಲಿ ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಅಂಕಿ ತುಂಬಾ ಏರುಪೇರಾದರೆ ಪುಲಿಯೇ ಓರೆ ಇದೆ ಅಥವಾ ಶಾಫ್ಟ್ ಬಗ್ಗಿದೆ.

ಮೂರು ಬೆಲ್ಟ್ ಇದ್ದರೆ ಮೂರನ್ನೂ ಅಳೆಯಬೇಕು, ಒಂದನ್ನು ಮೀಟುವಾಗ ಉಳಿದೆರಡನ್ನು ಕೈಯಿಂದ ಹಿಡಿದುಕೊಳ್ಳಿ. ಒಂದು 30, ಇನ್ನೊಂದು 29, ಮೂರನೆಯದು 21 ಬಂತು ಅನ್ನಿ. 21ರದ್ದು ಅರ್ಧ ಭಾರವನ್ನೂ ಹೊರುತ್ತಿಲ್ಲ, ಉಳಿದೆರಡು ಅದರ ಕೂಲಿಯನ್ನೂ ಮಾಡುತ್ತಿವೆ. ಹರಿದ ಒಂದೇ ಬೆಲ್ಟ್ ಬದಲಾಯಿಸಿ ಹಳೆಯ ಎರಡನ್ನು ಬಿಟ್ಟರೆ ಆಗುವುದು ಇದೇ, ಆಗ ಹೊಸದು ಬೇಗ ಸಾಯುತ್ತದೆ. ಬೆಲ್ಟ್ ಉಳಿಸಿದ ದುಡ್ಡು ಹೀಗೆ ಹೋಗುತ್ತದೆ. ಹೊಸ ಸೆಟ್ ಹಾಕಿದ ಮೇಲೆ ಒಂದು ದಿನ ಓಡಿಸಿ ಮತ್ತೆ ಅಳೆಯುವುದನ್ನೂ ಮರೆಯಬೇಡಿ.

ಈ ಲೆಕ್ಕವನ್ನು ನಂಬಬಾರದ ಜಾಗಗಳೂ ಇವೆ. ತಂತಿ ಬಾಗಲು ತಕರಾರು ಮಾಡುವುದಿಲ್ಲ, ದಪ್ಪ ಬೆಲ್ಟ್ ಮಾಡುತ್ತದೆ. ನಡುವಿನ ಉದ್ದ ಕಡಿಮೆ ಇದ್ದು ಬೆಲ್ಟ್ ದಪ್ಪ ಇದ್ದರೆ ಆ ಪೆಡಸುತನವೇ ಕಂಪನವನ್ನು ಏರಿಸುತ್ತದೆ, ನಿಜಕ್ಕಿಂತ ಜಾಸ್ತಿ ಬಿಗಿ ಇದೆ ಅಂತ ತೋರಿಸುತ್ತದೆ. ಅಲ್ಲಿ ಹಳೇ ವಿಧಾನವೇ ವಾಸಿ: ನಡುವೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಒಂದು ಮೀಟರ್ ಉದ್ದಕ್ಕೆ 16 ಮಿಲಿಮೀಟರ್ ಲೆಕ್ಕದಲ್ಲಿ ಎಳೆದು, ಎಷ್ಟು ಕಿಲೋ ಬೇಕಾಯಿತು ಅಂತ ಕಂಪನಿಯ ಪಟ್ಟಿಯ ಜೊತೆ ಹೋಲಿಸುವುದು. ಸ್ಪ್ರಿಂಗ್ ಟೆನ್ಷನರ್ ಇರುವ ಕಾರಿನ ಬೆಲ್ಟುಗಳಲ್ಲಿ ಬಿಗಿ ತೀರ್ಮಾನಿಸುವುದು ಆ ಸ್ಪ್ರಿಂಗ್, ಅಲ್ಲಿ ಮೀಟುವುದರಿಂದ ನಿಮಗೆ ಸರಿಪಡಿಸಲು ಏನೂ ಸಿಗುವುದಿಲ್ಲ.

ಹಲ್ಲಿನ ಟೈಮಿಂಗ್ ಬೆಲ್ಟುಗಳಿಗಂತೂ ಈ ವಿಧಾನ ಹೇಳಿ ಮಾಡಿಸಿದ್ದು. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ರೂಟರ್‌ನಲ್ಲಿ 5 ಮಿಲಿಮೀಟರ್ ಹಲ್ಲಿನ, 15 ಮಿಲಿಮೀಟರ್ ಅಗಲದ ಬೆಲ್ಟ್ ಮೀಟರಿಗೆ ಸುಮಾರು 60 ಗ್ರಾಂ. 30 ಸೆಂಟಿಮೀಟರ್ ಉದ್ದ, 150 ನ್ಯೂಟನ್ ಬಿಗಿ ಇದ್ದರೆ 83 ಹರ್ಟ್ಜ್. ಈ ದನಿ ಫೋನಿನ ಮೈಕಿಗೆ ಆರಾಮಾಗಿ ಕೇಳುತ್ತದೆ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತ್ರೀಡಿ ಪ್ರಿಂಟರ್ ಕಟ್ಟುವ ಹುಡುಗರು ಕೂಡ ಇದನ್ನು ಧೈರ್ಯವಾಗಿ ಮಾಡಬಹುದು, ಗಿರಣಿಯವರಿಗಿಂತ ಅವರ ಕೆಲಸ ಸುಲಭ.

ಕೊನೆಗೆ ಒಂದು ವಿಚಾರ, ಹೆಚ್ಚಿನವರು ಗಮನಿಸದ್ದು. ನಿಮಿಷಕ್ಕೆ 1440 ಸುತ್ತು ಅಂದರೆ ಸೆಕೆಂಡಿಗೆ 24. ನಮ್ಮ ಬೆಲ್ಟ್ ನಿಂತಾಗ 26.6. ಓಡುವ ಬೆಲ್ಟಿನ ಕಂಪನ ನಿಂತ ಬೆಲ್ಟಿಗಿಂತ ಸ್ವಲ್ಪ ಇಳಿಯುತ್ತದೆ, ಇಲ್ಲಿ ಸುಮಾರು 23ಕ್ಕೆ. ಅಂದರೆ ಲೋಡ್ ಇಲ್ಲದೆ ಮಷಿನ್ ಖಾಲಿ ಓಡುವಾಗ ಬೆಲ್ಟಿನ ಕಂಪನವೂ ಮೋಟರಿನ ಸುತ್ತೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಮೋಟರ್ ಪುಲಿ ಒಂದಿಷ್ಟು ಓರೆ ಇದ್ದರೂ ಸಾಕು, ಪ್ರತಿ ಸುತ್ತಿಗೂ ಒಂದು ತಳ್ಳು ಬಿದ್ದು ಬೆಲ್ಟ್ ಪಟಪಟ ಬಡಿದಾಡತೊಡಗುತ್ತದೆ. ನೋಡಿದವರು "ಲೂಸ್ ಆಗೈತಿ" ಅಂತ ಬಿಗಿ ಮಾಡುತ್ತಾರೆ. ಬಡಿದಾಟ ನಿಲ್ಲುತ್ತದೆ ನಿಜ, ಯಾಕಂದ್ರೆ ಬೆಲ್ಟಿನ ಶ್ರುತಿ 24ರಿಂದ ದೂರ ಸರಿಯಿತು. ಬೆಲ್ಟ್ ಲೂಸ್ ಆಗಿರಲೇ ಇಲ್ಲ. ಇಂಥದ್ದು ಕಂಡರೆ ಮೊದಲು ಮಷಿನ್ ನಿಲ್ಲಿಸಿ ಹರ್ಟ್ಜ್ ನೋಡಿ. ಅಂಕಿ ಸರಿ ಇದ್ದರೆ ಮೋಟರಿನ ಬೋಲ್ಟಿಗೆ ಕೈ ಹಾಕಬೇಡಿ, ಪುಲಿಗೆ ಡಯಲ್ ಗೇಜ್ ಹಚ್ಚಿ, ಅದು ಎಷ್ಟು ಓರೆ ಇದೆ ಅಂತ ಆ ಮುಳ್ಳಿನ ಮಾಪಕ ತೋರಿಸುತ್ತದೆ.